ಫೋನ್ ಅಮ್ಮನ ಕೈಯಲ್ಲೇ ಇರಲಿ

ಆರೋಗ್ಯದ ವಿಚಾರವನ್ನು ಇಂಟರ್ನೆಟ್ಟಿನಲ್ಲಿ ತಾವೇ ಹುಡುಕಿ, ನಿಜ ಯಾವುದು ಎಂದು ತೂಗಿ ನೋಡುವುದನ್ನು ಮನೆಯ ಹಿರಿಯರಿಗೆ ಕಲಿಸುವುದು ಹೇಗೆ? ಈ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಅಪ್ಪನಿಗೆ 72 ವರ್ಷ. ಕಾಯಿಲೆ ಬಗ್ಗೆ ಫೋನಿನಲ್ಲಿ ಹುಡುಕುವುದನ್ನು ಮೂರು ಸಲ ಹೇಳಿಕೊಟ್ಟೆ. ಮಾರನೇ ದಿನ ಮತ್ತೆ "ನೀನೇ ನೋಡಿ ಹೇಳು" ಅನ್ನುತ್ತಾರೆ. ಈ ವಯಸ್ಸಿನಲ್ಲಿ ಕಲಿಯಲು ಆಗುವುದೇ ಇಲ್ಲವೇ?

ಉತ್ತರ: ಖಂಡಿತ ಆಗುತ್ತದೆ. ಹೇಳಿಕೊಡುವಾಗ ಫೋನ್ ಯಾರ ಕೈಯಲ್ಲಿತ್ತು ಎಂದು ಒಮ್ಮೆ ನೆನಪಿಸಿಕೊಳ್ಳಿ. ನಿಮ್ಮ ಕೈಯಲ್ಲಿದ್ದರೆ ಅಪ್ಪ ನೋಡಿದ್ದು ಪರದೆ ಪಟಪಟನೆ ಬದಲಾದದ್ದನ್ನು ಮಾತ್ರ. ಎಲ್ಲಿ ಒತ್ತಿದಿರಿ, ಯಾಕೆ ಒತ್ತಿದಿರಿ ಎಂಬುದು ಅವರ ಕಣ್ಣಿಗೆ ಬಿದ್ದೇ ಇಲ್ಲ. ವಯಸ್ಸಾದಂತೆ ಹೊಸ ಸಂಗತಿ ಮನಸ್ಸಿಗೆ ಇಳಿಯುವ ವೇಗ ಕಡಿಮೆಯಾಗುತ್ತದೆ, ಒಂದೇ ಹೊತ್ತಿಗೆ ಮೂರು ನಾಲ್ಕು ವಿಷಯ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟವಾಗುತ್ತದೆ. ಆದರೆ ಭಾಷೆಯ ಹಿಡಿತ, ಅನುಭವದಿಂದ ಬಂದ ತಿಳಿವಳಿಕೆ, ಮಾತಿನ ಹಿಂದಿನ ಉದ್ದೇಶ ಗುರುತಿಸುವ ಜಾಣ್ಮೆ ಚೆನ್ನಾಗಿಯೇ ಉಳಿದಿರುತ್ತವೆ. ಕಲಿಸುವ ಕ್ರಮ ಇದಕ್ಕೆ ಹೊಂದಿಕೊಳ್ಳಬೇಕು.

ಮೊದಲ ನಿಯಮ: ಫೋನ್ ಅವರ ಕೈಯಲ್ಲೇ ಇರಲಿ, ನಿಮ್ಮ ಕೈ ನಿಮ್ಮ ತೊಡೆಯ ಮೇಲಿರಲಿ. ಅವರು ತಪ್ಪು ಜಾಗ ಒತ್ತಿದರೂ ಕಿತ್ತುಕೊಳ್ಳಬೇಡಿ. ಹಿಂದಕ್ಕೆ ಬರುವುದು ಹೇಗೆ ಎಂಬುದನ್ನೇ ಮೊದಲ ಪಾಠ ಮಾಡಿ. ಎಲ್ಲಿ ಸಿಕ್ಕಿಕೊಂಡರೂ ಹಿಂದಿನ ಪುಟಕ್ಕೆ ಮರಳಬಹುದು, ಏನೂ ಹಾಳಾಗುವುದಿಲ್ಲ ಎಂಬ ಧೈರ್ಯ ಬಂದರೆ ಅರ್ಧ ಕಲಿತಂತೆ. ಹಿರಿಯರ ಕೈ ತಡೆಯುವುದು ಬಹುಮಟ್ಟಿಗೆ "ಏನಾದರೂ ಕೆಟ್ಟುಹೋದರೆ" ಎಂಬ ಅಂಜಿಕೆ.

ಎರಡನೆಯದು, ಪಾಠಕ್ಕೆ ಅವರದೇ ಪ್ರಶ್ನೆ ಬೇಕು. "ಬನ್ನಿ, ಇಂಟರ್ನೆಟ್ ಬಳಸೋದು ಕಲಿಸ್ತೀನಿ" ಎಂದರೆ ಯಾರಿಗೂ ಉತ್ಸಾಹ ಬರುವುದಿಲ್ಲ. "ಮಂಡಿನೋವಿಗೆ ನಡೆಯೋದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳ್ತಿದ್ರಲ್ಲ, ನೋಡೋಣ" ಎಂದರೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಒಂದು ಕೂತಕ್ಕೆ ಒಂದೇ ಕೆಲಸ: ಫೋನ್ ತೆರೆದು, ಹುಡುಕುವ ಜಾಗ ಒತ್ತಿ, ಪ್ರಶ್ನೆ ಹೇಳಿ, ಒಂದು ಪುಟ ತೆರೆದು, ವಾಪಸ್ ಬರುವುದು. ಅದನ್ನೇ ಬೇರೆ ಬೇರೆ ಪ್ರಶ್ನೆ ಇಟ್ಟುಕೊಂಡು ಮೂರು ಸಲ. ಅರ್ಧ ಗಂಟೆ ಸಾಕು. ಮಾರನೇ ದಿನ ಹೊಸತು ಶುರುಮಾಡುವ ಮೊದಲು ಹಿಂದಿನದನ್ನೇ ಅವರಿಂದ ಮಾಡಿಸಿ, ನೀವು ಬಾಯಿ ಬಿಡಬೇಡಿ.

ಒಂದು ನೋಟ್‌ಪುಸ್ತಕ ಇರಲಿ. ಹೆಜ್ಜೆಗಳನ್ನು ನೀವು ಬರೆದುಕೊಡುವುದಕ್ಕಿಂತ ಅವರೇ ತಮ್ಮ ಮಾತಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುವುದು ಮೇಲು. "ಬ್ರೌಸರ್ ಐಕಾನ್ ಟ್ಯಾಪ್ ಮಾಡಿ" ಎಂದು ನೀವು ಬರೆದದ್ದು ನಾಳೆ ಅವರಿಗೆ ಅರ್ಥವಾಗದು. "ಬಣ್ಣದ ಚಕ್ರ, ನಡುವೆ ನೀಲಿ ಬೊಟ್ಟು, ಅದನ್ನು ಮುಟ್ಟು" ಎಂದು ಅವರು ಬರೆದುಕೊಂಡದ್ದು ಅರ್ಥವಾಗುತ್ತದೆ.

ಪ್ರಶ್ನೆ: ಅಮ್ಮ ಒಂದನ್ನು ಒತ್ತಿದರೆ ಇನ್ನೊಂದು ತೆರೆದುಕೊಳ್ಳುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಫೋನ್ ಹಾಳಾಗಿದೆಯೇ?

ಉತ್ತರ: ಫೋನ್ ಸರಿಯಾಗಿಯೇ ಇರಬಹುದು. ಮುಟ್ಟುವ ಪರದೆ ಕೆಲಸ ಮಾಡುವುದು ಚರ್ಮದ ವಿದ್ಯುತ್ ಗುಣದಿಂದ. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ, ಹಾಗಾಗಿ ಮೆಲ್ಲನೆ ಮುಟ್ಟಿದ್ದು ಪರದೆಗೆ ಗೊತ್ತಾಗುವುದಿಲ್ಲ. ಆಗ ಅವರು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿಯುವುದು ಫೋನಿನ ಲೆಕ್ಕದಲ್ಲಿ ಬೇರೆಯೇ ಆಜ್ಞೆ, ಅದಕ್ಕೇ ಕೇಳದ ಪಟ್ಟಿಯೊಂದು ಎದ್ದು ಬರುತ್ತದೆ. ಕೈ ನಡುಗುತ್ತಿದ್ದರೆ ಒಂದು ಮುಟ್ಟು ಎರಡಾಗಿ, ಪುಟ ಇನ್ನೆಲ್ಲಿಗೋ ಹೋಗುತ್ತದೆ.

ಬೆರಳಿಗೆ ಸ್ವಲ್ಪ ಮಾಯಿಶ್ಚರೈಸರ್ ಹಚ್ಚಿ ಒರೆಸಿಕೊಂಡರೆ ಅಥವಾ ಮುಟ್ಟುವ ಪರದೆಗೆಂದೇ ಸಿಗುವ ಮೆತ್ತನೆ ತುದಿಯ ಸ್ಟೈಲಸ್ ಪೆನ್ ಕೊಟ್ಟರೆ ಮೊದಲ ತೊಂದರೆ ತಗ್ಗುತ್ತದೆ. ಎರಡನೆಯದಕ್ಕೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ಭಾಗಕ್ಕೆ ಹೋಗಿ, "ಟಚ್ ಅಂಡ್ ಹೋಲ್ಡ್ ಡಿಲೇ" ಎಂಬುದನ್ನು "ಲಾಂಗ್" ಮಾಡಿ. ತುಸು ಹೆಚ್ಚು ಹೊತ್ತು ಒತ್ತಿದರೂ ಅದನ್ನು ಫೋನ್ ಸಾಮಾನ್ಯ ಮುಟ್ಟು ಎಂದೇ ಎಣಿಸುತ್ತದೆ. ಐಫೋನಿನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಟಚ್, ಅದರೊಳಗೆ "ಟಚ್ ಅಕಾಮಡೇಷನ್ಸ್" ಇದೆ. ನಡುಗುವ ಕೈಯ ಮರುಮುಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡುವ "ಇಗ್ನೋರ್ ರಿಪೀಟ್" ಅಲ್ಲೇ ಸಿಗುತ್ತದೆ.

ಕಣ್ಣಿನ ವಿಚಾರ ಬಿಡಬೇಡಿ. ಫೋನಿನ ಅಕ್ಷರ ದೊಡ್ಡದು ಮಾಡಿದರೂ ಬ್ರೌಸರ್ ಒಳಗಿನ ಪುಟದಲ್ಲಿ ಸಣ್ಣದಾಗಿಯೇ ಉಳಿಯಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿರುವ ಆಕ್ಸೆಸಿಬಿಲಿಟಿಯಲ್ಲಿ ಅದನ್ನು ಬೇರೆಯಾಗಿ ಹಿಗ್ಗಿಸಬೇಕು. ಬೈಫೋಕಲ್ ಕನ್ನಡಕದವರು ಕಂಪ್ಯೂಟರ್ ಮುಂದೆ ಕೂತರೆ ಕೆಳಗಿನ ಗಾಜಿನಿಂದ ನೋಡಲು ತಲೆ ಹಿಂದಕ್ಕೆ ಬಾಗಿಸುತ್ತಾರೆ, ಹತ್ತೇ ನಿಮಿಷದಲ್ಲಿ ಕುತ್ತಿಗೆ ಹಿಡಿಯುತ್ತದೆ, "ನನಗೆ ಇದು ಆಗಲ್ಲ" ಎಂದು ಎದ್ದುಬಿಡುತ್ತಾರೆ. ಪರದೆಯನ್ನು ಕೆಳಗಿಳಿಸಿ ಸ್ವಲ್ಪ ಹಿಂದಕ್ಕೆ ಓರೆ ಮಾಡಿದರೆ ಪಾಠ ಮುಂದುವರಿಯುತ್ತದೆ.

ಪ್ರಶ್ನೆ: ಏನೆಂದು ಹುಡುಕಬೇಕು ಎಂಬುದೇ ಅತ್ತೆಯವರಿಗೆ ದೊಡ್ಡ ತೊಡಕು. "ಗ್ಯಾಸ್ಟ್ರಿಕ್" ಎಂದು ಹಾಕಿದರೆ ಏನೇನೋ ಬರುತ್ತದೆ.

ಉತ್ತರ: ಬಂದೇ ಬರುತ್ತದೆ. "ಗ್ಯಾಸ್ಟ್ರಿಕ್" ಎಂಬ ಒಂದೇ ಮಾತಿನಲ್ಲಿ ನಾವು ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಊಟವಾದ ಮೇಲಿನ ನೋವು ಎಲ್ಲವನ್ನೂ ಸೇರಿಸುತ್ತೇವೆ. ವೈದ್ಯಕೀಯದಲ್ಲಿ ಆ ಪದಕ್ಕೆ ಹೊಟ್ಟೆಗೆ, ಅಂದರೆ ಜಠರಕ್ಕೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. ಹಾಗಾಗಿ ಜಠರದ ಕ್ಯಾನ್ಸರ್‌ನಿಂದ ಹಿಡಿದು ತೂಕ ಇಳಿಸುವ ಶಸ್ತ್ರಚಿಕಿತ್ಸೆಯವರೆಗೆ ಎಲ್ಲವೂ ಎದುರಿಗೆ ಬಂದು ನಿಲ್ಲುತ್ತವೆ. "ತಲೆಸುತ್ತು" ಕೂಡ ಹೀಗೇ. ಕೋಣೆಯೇ ತಿರುಗಿದಂತೆ ಆಗುವುದು ಒಂದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ಒಳಕಿವಿಯ ತೊಂದರೆ, ಎರಡನೆಯದಕ್ಕೆ ರಕ್ತದೊತ್ತಡ ಇಳಿಯುವುದು ಕಾರಣವಿರಬಹುದು.

ಹುಡುಕುವ ಮೊದಲು ಕಾಗದದ ಮೇಲೆ ಒಂದು ವಾಕ್ಯ ಬರೆಸಿ: ಏನಾಗುತ್ತದೆ, ಯಾವಾಗ ಆಗುತ್ತದೆ, ಎಷ್ಟು ದಿನದಿಂದ. "ರಾತ್ರಿ ಮಲಗಿದ ಮೇಲೆ ಎದೆಯುರಿ, ಹುಳಿನೀರು ಬಾಯಿಗೆ ಬರುವುದು." ಈಗ ಇದನ್ನೇ ಮೈಕ್ ಚಿಹ್ನೆ ಒತ್ತಿ ಫೋನಿಗೆ ಹೇಳಿದರಾಯಿತು, ಟೈಪ್ ಮಾಡುವ ಪೀಡೆಯೇ ಇಲ್ಲ. ಕೀಬೋರ್ಡಿನ ಭಾಷೆ ಕನ್ನಡಕ್ಕೆ ಇದೆಯೇ ನೋಡಿಕೊಳ್ಳಿ. ಇಂಗ್ಲಿಷಿಗೆ ಇದ್ದು ಕನ್ನಡದಲ್ಲಿ ಹೇಳಿದರೆ ಅರ್ಥವಿಲ್ಲದ ಪದಗಳು ಬೀಳುತ್ತವೆ. ಹೇಳಿದ ಮೇಲೆ ಏನು ಬಿದ್ದಿದೆ ಎಂದು ಓದಿಯೇ ಹುಡುಕಬೇಕು.

ಉತ್ತರದ ಪುಟದಲ್ಲಿ ಮೇಲಿನ ಒಂದೆರಡು ಸಾಲುಗಳ ಬಳಿ "ಸ್ಪಾನ್ಸರ್ಡ್" ಅಥವಾ "ಪ್ರಾಯೋಜಿತ" ಎಂದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಆ ಪದವನ್ನು ಬೆರಳಿಟ್ಟು ತೋರಿಸಲು ಅತ್ತೆಯವರಿಗೇ ಹೇಳಿ, ಎರಡು ದಿನದಲ್ಲಿ ತಾವಾಗಿ ದಾಟಿ ಮುಂದೆ ಹೋಗುತ್ತಾರೆ. ಈಗೀಗ ಎಲ್ಲಕ್ಕಿಂತ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವೂ ಬರುತ್ತದೆ. ಹಲವು ಪುಟಗಳನ್ನು ಕಲಸಿ ಬರೆದ ಅದರಲ್ಲಿ ತಪ್ಪು ಇರಬಹುದು, ಆದರೆ ಮಾತು ಮಾತ್ರ ಒಂದೇ ಗಟ್ಟಿತನದಲ್ಲಿರುತ್ತದೆ. ಅದರ ಪಕ್ಕದ ಕೊಂಡಿ ಒತ್ತಿ ಮೂಲಪುಟ ಓದಿದ ಮೇಲೆ ನಂಬಲಿ. ಚಾಟ್‌ಬಾಟ್‌ಗಳಿಗೂ ಇದೇ ಕಟ್ಟಳೆ.

ಒಂದು ಮಾತನ್ನು ನೋಟ್‌ಪುಸ್ತಕದ ಮೊದಲ ಪುಟದಲ್ಲೇ ಬರೆಸಿಡಿ. ಎದೆ ಹಿಂಡಿದಂತೆ ನೋವು, ಉಸಿರು ಸಿಕ್ಕಿಕೊಳ್ಳುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ದಿಢೀರನೆ ಬಂದರೆ ಹುಡುಕಾಟ ಬೇಡ, ತುರ್ತು ಸೇವೆಗೆ ಕರೆ ಮಾಡಬೇಕು. ಹೃದಯಾಘಾತದ ನೋವನ್ನು "ಗ್ಯಾಸ್" ಎಂದುಕೊಂಡು ಮನೆಮದ್ದು ಹುಡುಕುತ್ತಾ ಕೂರುವ ಹೊತ್ತು ಜೀವಕ್ಕೆ ಎರವಾಗುತ್ತದೆ.

ಪ್ರಶ್ನೆ: ಯಾವ ವೆಬ್‌ಸೈಟ್ ನಂಬಬಹುದು ಎಂದು ಹಿರಿಯರಿಗೆ ಸರಳವಾಗಿ ಹೇಳುವುದು ಹೇಗೆ? ಬೀಗದ ಗುರುತು ಇದ್ದರೆ ಸಾಕೆ?

ಉತ್ತರ: ಸಾಲದು. ಬೀಗ ಹೇಳುವುದು ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹರಿಯುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ. ಸುಳ್ಳನ್ನೂ ಬೀಗ ಹಾಕಿಯೇ ಕಳಿಸಬಹುದು. ವಿಳಾಸದ ಕೊನೆಯಲ್ಲಿ "ಡಾಟ್ ಆರ್ಗ್" ಇದ್ದರೆ ಸೇವಾಸಂಸ್ಥೆ ಎಂಬುದೂ ತಪ್ಪು ನಂಬಿಕೆ, ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಮುದ್ರೆಗಳನ್ನೂ ನಂಬಿ ಕೂರುವಂತಿಲ್ಲ. ಆರೋಗ್ಯ ಸೈಟುಗಳಿಗೆ ಮಾನ್ಯತೆಯ ಮುದ್ರೆ ಕೊಡುತ್ತಿದ್ದ ಜಿನೀವಾದ ಹೆಲ್ತ್ ಆನ್ ದ ನೆಟ್ ಸಂಸ್ಥೆ 2022ರಲ್ಲೇ ಕೆಲಸ ನಿಲ್ಲಿಸಿದೆ. ಆ ಮುದ್ರೆ ಈಗಲೂ ಎಲ್ಲಾದರೂ ಕಂಡರೆ ಅದರ ಹಿಂದೆ ಪರೀಕ್ಷಿಸುವವರು ಯಾರೂ ಇಲ್ಲ.

ಹಿರಿಯರಿಗೆ ಮೂರು ಪ್ರಶ್ನೆ ಕಲಿಸಿ. ಹೇಳುತ್ತಿರುವವರು ಯಾರು? ಇದರಿಂದ ಅವರಿಗೇನು ಲಾಭ? ಯಾವಾಗ ಹೇಳಿದ್ದು? ಇವು ಅವರಿಗೆ ಹೊಸವಲ್ಲ. ಮನೆ ಬಾಗಿಲಿಗೆ ಮಾರಲು ಬಂದವರ ಮಾತನ್ನು ಜೀವಮಾನವಿಡೀ ಹೀಗೆಯೇ ತೂಗಿದ್ದಾರೆ. ಅದೇ ಲೆಕ್ಕ ಪರದೆಗೂ ಹೊಂದುತ್ತದೆ ಎಂದು ತೋರಿಸಿಕೊಟ್ಟರೆ ಸಾಕು. ಪುಟದ ಕೊನೆಗೆ "ಈಗಲೇ ಆರ್ಡರ್ ಮಾಡಿ" ಎಂಬ ಗುಂಡಿ ಸಿಕ್ಕರೆ ಮೇಲಿನ ಅಷ್ಟೂ ಸಲಹೆ ಆ ಗುಂಡಿಗಾಗಿ ಬರೆದದ್ದು.

"ಯಾರು" ಎಂಬುದಕ್ಕೆ ಆ ಸೈಟಿನ "ನಮ್ಮ ಬಗ್ಗೆ" ಪುಟ ಓದಿದರೆ ಸಾಲದು, ತಮ್ಮನ್ನು ತಾವು ಯಾರೂ ಹಳಿದುಕೊಳ್ಳುವುದಿಲ್ಲ. ಸೈಟಿನಿಂದ ಹೊರಬಂದು, ಆ ಹೆಸರನ್ನೇ ಹೊಸದಾಗಿ ಹುಡುಕಿ, ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆ ನೋಡಬೇಕು. ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವ ಪತ್ರಕರ್ತರು ಮಾಡುವುದೂ ಇದನ್ನೇ.

"ಯಾವಾಗ" ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಆಸ್ಪಿರಿನ್ ಒಳ್ಳೆಯ ಉದಾಹರಣೆ. ಹೃದಯದ ಕಾಯಿಲೆ ಇನ್ನೂ ಬಾರದವರು ಅದು ಬಾರದಿರಲೆಂದು ದಿನಕ್ಕೊಂದು ಸಣ್ಣ ಡೋಸ್ ಆಸ್ಪಿರಿನ್ ನುಂಗುವ ವಿಚಾರದಲ್ಲಿ, 60ರಿಂದ 69ರ ವಯಸ್ಸಿನವರು ವೈದ್ಯರೊಡನೆ ಮಾತಾಡಿ ತೀರ್ಮಾನಿಸಲಿ ಎಂದು ರೋಗ ತಡೆಯ ಬಗ್ಗೆ ಸಲಹೆ ಕೊಡುವ ಅಮೆರಿಕದ ತಜ್ಞರ ಸಮಿತಿ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2016ರಲ್ಲಿ ಹೇಳಿತ್ತು. 2022ರಲ್ಲಿ ಅದೇ ಸಮಿತಿ, 60 ದಾಟಿದವರು ಹೊಸದಾಗಿ ಶುರುಮಾಡುವುದು ಬೇಡ ಎಂದಿತು. ವಯಸ್ಸಾದಂತೆ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ಲಾಭ ಉಳಿಯುವುದಿಲ್ಲ ಎಂಬುದು ಕಾರಣ. ಹಳೆಯ ಪುಟಗಳು ಇಂಟರ್ನೆಟ್ಟಿನಲ್ಲಿ ಈಗಲೂ ಇವೆ, ಅವು ಬರೆದ ದಿನಕ್ಕೆ ಸುಳ್ಳೂ ಆಗಿರಲಿಲ್ಲ. ಇಲ್ಲೇ ಇನ್ನೊಂದು ಎಚ್ಚರಿಕೆ: ಹೃದಯಾಘಾತವಾದ ಮೇಲೆ ಅಥವಾ ಸ್ಟೆಂಟ್ ಹಾಕಿದ ಮೇಲೆ ವೈದ್ಯರೇ ಬರೆದುಕೊಟ್ಟ ಆಸ್ಪಿರಿನ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಓದಿ ತಾವಾಗಿ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಶುರುಮಾಡಲು ಕೆಲವು ಒಳ್ಳೆಯ ಜಾಗಗಳಿವೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಿಂದ ನಡೆಸುತ್ತಿರುವ ಮೆಡ್‌ಲೈನ್‌ಪ್ಲಸ್‌ನಲ್ಲಿ ಜಾಹೀರಾತೇ ಇಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸೈಟಿನ ಕಾಯಿಲೆಗಳ ಪುಟಗಳಲ್ಲಿ ಕೊನೆಯ ಸಲ ಯಾವಾಗ ಪರಿಶೀಲಿಸಿದರು ಎಂಬ ತಾರೀಖು ಇರುತ್ತದೆ, ತಾರೀಖು ನೋಡುವ ಅಭ್ಯಾಸ ಮಾಡಿಸಲು ಅದು ಅನುಕೂಲ. ವಿಶ್ವ ಆರೋಗ್ಯ ಸಂಸ್ಥೆಯ ಪುಟಗಳೂ ಇವೆ. ಒಂದು ಚಿಕಿತ್ಸೆಯಿಂದ ನಿಜಕ್ಕೂ ಗುಣವಾಗುತ್ತದೆಯೇ ಎಂದು ತಿಳಿಯಲು ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಸರಳಭಾಷೆಯ ಸಾರಾಂಶ ನೋಡಬಹುದು. ಇವುಗಳಲ್ಲಿ ಎರಡನ್ನು ಫೋನಿನ ಮುಖಪುಟದಲ್ಲೇ ಚಿಹ್ನೆಯಾಗಿ ಇಟ್ಟುಕೊಡಿ. ಪ್ರತಿಸಲ ಜಾಹೀರಾತಿನ ಸಂತೆ ದಾಟಿ ಬರುವ ಕಷ್ಟ ತಪ್ಪುತ್ತದೆ.

ಇಂಗ್ಲಿಷ್ ಪುಟವನ್ನು ಬ್ರೌಸರ್ ಕನ್ನಡಕ್ಕೆ ಅನುವಾದಿಸಿ ಕೊಡುತ್ತದೆ. ಸ್ಥೂಲವಾಗಿ ತಿಳಿಯಲು ಅಡ್ಡಿಯಿಲ್ಲ. ಡೋಸ್, ದಿನಕ್ಕೆಷ್ಟು ಸಲ, "ಬೇಡ", "ಕೂಡದು" ಎಂಬ ಜಾಗ ಬಂದಾಗ ಇಂಗ್ಲಿಷ್ ಬಲ್ಲವರೊಬ್ಬರು ಮೂಲ ನೋಡಲೇಬೇಕು. ಪರೀಕ್ಷೆಯ ಫಲಿತಾಂಶ "ಪಾಸಿಟಿವ್" ಎಂಬುದು "ಸಕಾರಾತ್ಮಕ" ಎಂದಾದರೆ, ಓದಿದ ಹಿರಿಯರು ಒಳ್ಳೆಯ ಸುದ್ದಿ ಎಂದುಕೊಂಡಾರು.

ಪ್ರಶ್ನೆ: ಮಾವನವರು ದಿನಕ್ಕೆ ಹತ್ತು ಆರೋಗ್ಯ ಸಂದೇಶ ಫಾರ್ವರ್ಡ್ ಮಾಡುತ್ತಾರೆ. ಸುಳ್ಳು ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಉತ್ತರ: ಕುಟುಂಬದ ಗುಂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಅವರು ಕಳಿಸುವುದು ಮನೆಯವರ ಮೇಲಿನ ಕಾಳಜಿಯಿಂದ, ಆ ಕಾಳಜಿಗೆ ಮೊದಲು ಬೆಲೆ ಕೊಡಿ. ಪಕ್ಕದಲ್ಲಿ ಕೂತಾಗ, "ಇದನ್ನು ಮೊದಲು ಹೇಳಿದವರು ಯಾರು ಅಂತ ಒಟ್ಟಿಗೆ ನೋಡೋಣವಾ ಮಾವ?" ಎಂದು ಕೇಳಿ. ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದು. ಮೊದಲು ಬರೆದವರು ಯಾರೆಂದು ಕಳಿಸಿದವರಿಗೂ ತಿಳಿದಿರುವುದಿಲ್ಲ. ವೈದ್ಯರ ಹೆಸರಿದ್ದರೆ ಆ ಹೆಸರಿನ ಜೊತೆ ಸಂದೇಶದ ಒಂದು ಸಾಲು ಸೇರಿಸಿ ಹುಡುಕಿಸಿ. ಅಂಥ ವೈದ್ಯರೇ ಇಲ್ಲ ಎಂದೋ, ಅವರು ಹಾಗೆ ಹೇಳಿಯೇ ಇಲ್ಲ ಎಂದೋ ತಾವೇ ಕಂಡುಕೊಂಡವರು ಮುಂದಿನದನ್ನು ಕಳಿಸುವ ಮುನ್ನ ಬೆರಳು ತಡೆಯುತ್ತಾರೆ.

ಪ್ರಶ್ನೆ: ಲ್ಯಾಬ್ ವರದಿಯಲ್ಲಿ ಸಕ್ಕರೆ 130 ಎಂದಿದೆ. ಅಮ್ಮ ಓದಿದ ಪುಟದಲ್ಲಿ 7ಕ್ಕಿಂತ ಕಡಿಮೆ ಇರಬೇಕು ಎಂದಿತ್ತಂತೆ, ತೀರಾ ಹೆದರಿಬಿಟ್ಟಿದ್ದಾರೆ.

ಉತ್ತರ: ಎರಡೂ ಬೇರೆ ಬೇರೆ ಅಳತೆ. ನಿಮ್ಮ ವರದಿಯದು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಪುಟದಲ್ಲಿದ್ದದ್ದು ಒಂದು ಲೀಟರಿನಲ್ಲಿ ಎಷ್ಟು ಮಿಲಿಮೋಲ್ ಎಂಬುದು. ಗ್ಲೂಕೋಸ್‌ಗೆ ಮಿಲಿಮೋಲ್ ಅಂಕಿಯನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ ಬರುತ್ತದೆ. 7.0 ಎಂದರೆ 126. ಅಮ್ಮನ 130 ಎಂದರೆ 7.2, ಖಾಲಿ ಹೊಟ್ಟೆಯದಾದರೆ ವೈದ್ಯರಿಗೆ ತೋರಿಸಬೇಕಾದ ಅಂಕಿ, ಊಟದ ನಂತರದ್ದಾದರೆ ಹೆದರುವಂಥದ್ದಲ್ಲ. ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್‌ಗೆ ಈ 18 ನಡೆಯದು, ಅಲ್ಲಿ ಮಿಲಿಗ್ರಾಂ ಅಂಕಿಯನ್ನು 88.4ರಿಂದ ಗುಣಿಸಿದರೆ ಮೈಕ್ರೋಮೋಲ್. ಅಂಕಿ ನೋಡುವ ಮೊದಲು ಅದರ ಪಕ್ಕದ ಸಣ್ಣಕ್ಷರದ ಅಳತೆ ಓದುವುದನ್ನು ಅಮ್ಮನಿಗೆ ರೂಢಿ ಮಾಡಿಸಿ.

ದಪ್ಪ ಅಕ್ಷರದಲ್ಲೋ ಕೆಂಪಿನಲ್ಲೋ ಬಂದದ್ದೆಲ್ಲ ಕಾಯಿಲೆಯಲ್ಲ. "ಸಾಮಾನ್ಯ ಮಿತಿ"ಯನ್ನು ಹೆಚ್ಚಾಗಿ ಆರೋಗ್ಯವಂತರಲ್ಲಿ 100ಕ್ಕೆ 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಅಂದರೆ ಚೆನ್ನಾಗಿಯೇ ಇರುವ 5 ಮಂದಿ ಹೊರಗೆ ಬೀಳುತ್ತಾರೆ. ಇಪ್ಪತ್ತು ಪರೀಕ್ಷೆಯ ಪಟ್ಟಿಯಲ್ಲಿ ಒಂದು ಸ್ವಲ್ಪ ಆಚೀಚೆ ಇದ್ದರೆ ಅಚ್ಚರಿಯಿಲ್ಲ. ಗುರಿಯೂ ಎಲ್ಲರಿಗೂ ಒಂದೇ ಅಲ್ಲ. ಸಕ್ಕರೆ ಕಾಯಿಲೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 7ರ ಒಳಗಿರಲಿ ಎಂದು ಹಲವು ಪುಟಗಳು ಹೇಳುತ್ತವೆ. ಹಲವು ಕಾಯಿಲೆಗಳಿರುವ, ಬಡಕಲಾದ ಹಿರಿಯರಿಗೆ 8ರ ಒಳಗಿದ್ದರೂ ಸಾಕು ಎಂದು ವೈದ್ಯರು ಗುರಿ ಸಡಿಲಿಸುತ್ತಾರೆ. ಸಕ್ಕರೆ ತೀರಾ ಇಳಿದು ಬಿದ್ದು ಮೂಳೆ ಮುರಿಯುವುದು ಆ ವಯಸ್ಸಿನಲ್ಲಿ ದೊಡ್ಡ ಅಪಾಯ.

ಪ್ರಶ್ನೆ: ಮಾತ್ರೆಯ ಅಡ್ಡಪರಿಣಾಮಗಳನ್ನು ಫೋನಿನಲ್ಲಿ ಓದಿ ದೊಡ್ಡಪ್ಪ ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ.

ಉತ್ತರ: ಇವತ್ತೇ ವೈದ್ಯರಿಗೆ ಫೋನ್ ಮಾಡಿ ತಿಳಿಸಿ. ಕೆಲವು ಬಿಪಿ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲೇರುತ್ತದೆ. ಎಷ್ಟು ದಿನ ಬಿಟ್ಟಿದ್ದಾರೆ ಎಂಬುದನ್ನೂ ಹೇಳಿ, ಬಿಟ್ಟ ಡೋಸ್‌ಗಳನ್ನು ಸೇರಿಸಿ ಒಮ್ಮೆಗೇ ಕೊಡಬೇಡಿ.

ಆಮೇಲೆ ಪಟ್ಟಿ ಓದುವ ಬಗೆ ಕಲಿಸಿ. ಯುರೋಪಿನ ಔಷಧ ಕರಪತ್ರಗಳಲ್ಲಿ "ಬಹಳ ಸಾಮಾನ್ಯ" ಎಂದರೆ 10ರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಆಗುವುದು. "ಸಾಮಾನ್ಯ" ಎಂದರೆ 10ರಲ್ಲಿ ಒಬ್ಬರವರೆಗೆ, "ಅಸಾಮಾನ್ಯ" 100ರಲ್ಲಿ ಒಬ್ಬರವರೆಗೆ, "ಅಪರೂಪ" 1,000ದಲ್ಲಿ ಒಬ್ಬರವರೆಗೆ. ನಾವು "ಸಾಮಾನ್ಯ" ಎಂದಾಗ ಎಲ್ಲರಿಗೂ ಆಗುವುದು ಎಂಬ ಅರ್ಥ ಬರುತ್ತದೆ, ಅಲ್ಲೇ ಹೆದರಿಕೆ ಹುಟ್ಟುವುದು. ನೂರು ಕಾಳು ಎಣಿಸಿ ಹರಡಿ, ಒಂದನ್ನು ಬೇರೆ ಬಣ್ಣದ್ದು ಇಡಿ. ನೂರರಲ್ಲಿ ಒಂದು ಎಂದರೆ ಎಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ. "ಅಪಾಯ ಅರ್ಧಕ್ಕೆ ಇಳಿಸುವ ಔಷಧ" ಎಂಬ ಸುದ್ದಿಗೂ ಇದೇ ಕಾಳು ಸಾಕು: ನೂರರಲ್ಲಿ ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗಾದರೂ ಅದು "ಅರ್ಧ"ವೇ.

ಹಿರಿಯರು ಹುಡುಕಿದ್ದರಿಂದ ನಿಜವಾಗಿ ಉಪಯೋಗವಾಗುವ ಕಡೆಯೂ ಇದೆ. ಡೈಫೆನ್‌ಹೈಡ್ರಮಿನ್ ಎಂಬುದು ಕೆಲವು ನಿದ್ದೆ ಮಾತ್ರೆ, ಶೀತದ ಮಾತ್ರೆಗಳಲ್ಲಿ ಇರುತ್ತದೆ. 65 ದಾಟಿದವರಲ್ಲಿ ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು ಉಂಟುಮಾಡುವುದರಿಂದ ಅಮೆರಿಕದ ಜೆರಿಯಾಟ್ರಿಕ್ಸ್ ಸೊಸೈಟಿಯ ಹಿರಿಯರಿಗೆ ಹೊಂದದ ಔಷಧಗಳ ಬಿಯರ್ಸ್ ಪಟ್ಟಿ ಅದನ್ನು ದೂರವಿಡಿ ಎನ್ನುತ್ತದೆ. ಹುಡುಕುವಾಗ ಡಬ್ಬಿಯ ಮೇಲಿನ ದೊಡ್ಡ ಹೆಸರನ್ನಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಹಾಕಬೇಕು. ಪ್ಯಾರಾಸಿಟಮಾಲ್ ಅಮೆರಿಕದ ಪುಟಗಳಲ್ಲಿ ಅಸಿಟಾಮಿನೋಫೆನ್. ಎರಡು ಹೆಸರು ಒಂದೇ ಔಷಧ ಎಂದು ತಿಳಿಯದೆ ಜ್ವರಕ್ಕೊಂದು, ನೋವಿಗೊಂದು ನುಂಗಿದರೆ ಡೋಸ್ ಎರಡರಷ್ಟಾಗಿ ಯಕೃತ್ತಿಗೆ ಪೆಟ್ಟು ಬೀಳುತ್ತದೆ.

ಪ್ರಶ್ನೆ: "ನಿಮಗೆ ಮರೆವಿನ ಕಾಯಿಲೆ ಇದೆಯೇ? ಎರಡು ನಿಮಿಷದಲ್ಲಿ ತಿಳಿಯಿರಿ" ಎಂಬಂಥ ಪರೀಕ್ಷೆಗಳನ್ನು ಮಾಡಬಹುದೇ?

ಉತ್ತರ: ಕೊನೆಗೆ ಹೆಸರು, ಫೋನ್ ನಂಬರ್ ಕೇಳಿದರೆ ಅಲ್ಲಿಗೇ ಮುಚ್ಚಿ. ಅದು ಮಾರಾಟಕ್ಕೆ ಗಿರಾಕಿಗಳನ್ನು ಹುಡುಕುವ ದಾರಿ. ಓಟಿಪಿಯನ್ನಂತೂ ಕೊಡಲೇಬಾರದು.

ಪ್ರಶ್ನೆ: ಹುಡುಕಿ ಓದಿದ್ದನ್ನು ಹೇಳಿದರೆ ವೈದ್ಯರು ಸಿಡುಕುತ್ತಾರೆ ಎಂದು ಅಜ್ಜಿ ಬಾಯೇ ತೆರೆಯುವುದಿಲ್ಲ.

ಉತ್ತರ: "ಇಂಟರ್ನೆಟ್ಟಿನಲ್ಲಿ ಹೀಗಿದೆ" ಎಂದು ಶುರುಮಾಡಿದರೆ ಪಂಥ ಕಟ್ಟಿದಂತೆ ಕೇಳಿಸಬಹುದು. "ಡಾಕ್ಟ್ರೇ, ಇದು ನನಗೆ ಅನ್ವಯಿಸುತ್ತದಾ?" ಎಂದು ಕೇಳಿದರೆ ಮಾತು ಬೇರೆಯೇ ಆಗುತ್ತದೆ. ಒಂದು ಹಾಳೆಯಲ್ಲಿ ಮೇಲೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಡೋಸ್ ಮತ್ತು ಹೊತ್ತು, ಕಷಾಯ, ವಿಟಮಿನ್ ಸಮೇತ. ಕೆಳಗೆ ಎರಡೇ ಪ್ರಶ್ನೆ, ಬಹಳ ಮುಖ್ಯವಾದದ್ದು ಮೊದಲು. ಓದಿದ ಪುಟದ ಹೆಸರು, ತಾರೀಖು ಪಕ್ಕದಲ್ಲಿ. ಹತ್ತು ಪುಟದ ಪ್ರಿಂಟ್ ಒಯ್ದರೆ ನೋಡಲು ಅವರಿಗೆ ಹೊತ್ತಿರುವುದಿಲ್ಲ, ಈ ಹಾಳೆಯನ್ನು ಓದುತ್ತಾರೆ. ಹೊರಡುವ ಮುಂಚೆ ಅಜ್ಜಿ, "ನೀವು ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು" ಎಂದು ತಮ್ಮ ಮಾತಿನಲ್ಲಿ ಹೇಳಲಿ. ತಪ್ಪಿದ್ದರೆ ಅಲ್ಲೇ ಸರಿಹೋಗುತ್ತದೆ. ಜೊತೆಗೆ ಹೋದವರು ನಡುವೆ ಬಾಯಿ ಹಾಕದೆ ಉತ್ತರವನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಲಿ.